ಮಣ್ಣು ನುಂಗಿತು, ಸರಿ... ಅರಗಿಸಿಕೊಂಡಿತಾ?

ಇದನ್ನ ಬರೀಬೇಕು ಅಂತ ಎಷ್ಟೋ ದಿನದಿಂದ ಅಂದ್ಕೊಂಡಿದ್ದೆ. ಕೂತಾಗಲೆಲ್ಲ ಸಿಟ್ಟು ಬಂದು ಅರ್ಧಕ್ಕೇ ಎದ್ದು ಹೋಗ್ತಿದ್ದೆ. ಸಿಟ್ಟಲ್ಲಿ ಬರೆದದ್ದು ಬರಹ ಆಗಲ್ಲ, ಬೈಗುಳ ಆಗುತ್ತೆ ಅಂತ ಹಿರಿಯ ಬ್ಲಾಗಿಗರೊಬ್ಬರು ಒಮ್ಮೆ ಹೇಳಿದ್ದರು. ಆದರೆ ಈ ಸಲ ಊರಿಗೆ ಹೋಗಿ ಬಂದ ಮೇಲೆ ತಡೆಯೋಕಾಗ್ತಿಲ್ಲ. ಬೈಗುಳ ಅನ್ನಿಸಿದರೆ ಕ್ಷಮೆ ಇರಲಿ :)

ಊರು ಅಂದರೆ ಜಾಂಬೋಟಿ. ಖಾನಾಪುರ ತಾಲೂಕು. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋಗೋರು ಬಸ್ಸಿನ ಕಿಟಕಿಯಿಂದ ನೋಡಿರ್ತೀರಿ. ಇನ್ನೂ ಮುಂದೆ ಹೋದರೆ ಕಣಕುಂಬಿ, ಮಲಪ್ರಭೆ ಹುಟ್ಟೋ ಜಾಗ. ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಳೆಗಾಲ ಶುರುವಾದರೆ ಮುಗಿಯೋದೇ ಇಲ್ಲ ಅನ್ನೋ ಮಳೆ. ನಮ್ಮನೆಯಲ್ಲಿ ಮೊದಲು ಸಗಣಿ ಸಾರಿಸಿದ ನೆಲ ಇತ್ತು, ಆಮೇಲೆ ಶಹಾಬಾದ್ ಫರ್ಸಿ ಬಂತು, ಈಗ ಟೈಲ್ಸ್. ಟೈಲ್ಸ್ ಜೊತೆಗೇ ಬಾಟಲಿನೂ ಬಂತು. ನೆಲ ಒರೆಸೋ ಬಾಟಲಿ.

ಒಂದು ಬೆಳಿಗ್ಗೆ ವೈನಿ ನೆಲ ಒರೆಸಿ ಬಕೆಟ್ಟಿನ ನೀರನ್ನ ಹಿತ್ತಲಿನ ಬಾಳೆ ಬುಡಕ್ಕೆ ಸುರಿದರು. ನಾನು ಸುಮ್ಮನಿರಲಾರದೆ, "ವೈನಿ, ಆ ನೀರು ಅಲ್ಲಿ ಯಾಕ ಹಾಕ್ತೀರಿ?" ಅಂದೆ.

"ಮತ್ತೆಲ್ಲಿ ಹಾಕ್ಲೋ ತಮ್ಮಾ? ನಿನ್ನ ತಲೀ ಮ್ಯಾಲ? ಮಣ್ಣ ಎಲ್ಲಾನೂ ನುಂಗತೈತಿ ಬಿಡು."

ವೈನಿ ಹೇಳಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಬೇರೆ ಮೋರಿ ಎಲ್ಲಿದೆ? ಸಿಟ್ಟು ಬಂದದ್ದು ಅವತ್ತು ಸಾಯಂಕಾಲ ಚಹಾಕ್ಕೆ ಬಂದ ಮಿತ್ರನ ಮೇಲೆ. ಓದಿದವನು, ಇಂಜಿನಿಯರು. ಈ ಮಾತು ಕೇಳಿ ನಕ್ಕು ಹೇಳಿದ: "ವೈನಿ ಹೇಳಿದ್ದು ವೈಜ್ಞಾನಿಕವಾಗಿ ಕರೆಕ್ಟ್ ಐತಿ. ಆ ಕೆಮಿಕಲ್ ಜೇಡಿಮಣ್ಣಿಗೆ ಹಿಡಕೊಂಡ್ರ ಬಿಡೂದಿಲ್ಲ. ನೀರಿಗೆ ಹೋಗೂದೇ ಇಲ್ಲ. ಫ್ರೀ ಟ್ರೀಟ್‌ಮೆಂಟ್ ಪ್ಲಾಂಟ್! ನೀವು ಬರಹಗಾರರು ಸುಮ್ನ ಹೆದರಸ್ತೀರಿ."

ಅವನು ಹೇಳಿದ್ದರಲ್ಲಿ ಮುಕ್ಕಾಲು ಭಾಗ ನಿಜ. ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಉತ್ತರ ಕೊಡೋದು ಸುಲಭ ಇತ್ತು.

ಮೊದಲು ಬಾಟಲಿಯಲ್ಲಿ ಏನಿದೆ ನೋಡೋಣ. ನೀವೂ ಎದ್ದು ಹೋಗಿ ನಿಮ್ಮನೆ ಬಾಟಲಿ ತಿರುಗಿಸಿ ನೋಡಿ. ತುಂಬಾ ಸಣ್ಣ ಅಕ್ಷರದಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತ ಇರುವ ಸಾಧ್ಯತೆ ಹೆಚ್ಚು. ಗಾಯಕ್ಕೆ ಹಚ್ಚೋ ಸ್ಯಾವ್ಲಾನ್‌ನಲ್ಲಿ ಸೆಟ್ರಿಮೈಡ್ ಮತ್ತು ಕ್ಲೋರ್‌ಹೆಕ್ಸಿಡೀನ್ ಇರುತ್ತೆ. ಕೂದಲಿಗೆ ಹಚ್ಚೋ ಕಂಡೀಷನರ್‌ನಲ್ಲಿ, ಕೋಳಿ ಫಾರಮ್ಮಿನ ನೆಲಕ್ಕೆ ಹೊಡೆಯೋದರಲ್ಲಿ, ಸೀಗಡಿ ಕೆರೆಗೆ ಹಾಕೋದರಲ್ಲೂ ಇದೇ ಕುಲದವು. ಕ್ಲೋರ್‌ಹೆಕ್ಸಿಡೀನ್ ಒಂದನ್ನು ಬಿಟ್ಟರೆ ಇವಕ್ಕೆಲ್ಲ ಕ್ವಾಟರ್ನರಿ ಅಮೋನಿಯಂ ಅಂತ ಕುಲನಾಮ, ಚಿಕ್ಕದಾಗಿ ಕ್ವಾಟ್. (ಡೆಟಾಲ್ ಬೇರೆ ಜಾತಿ, ಅದರಲ್ಲಿರೋದು ಕ್ಲೋರೊಕ್ಸಿಲಿನಾಲ್. ಹಳೇ ಕಪ್ಪು ಫಿನಾಯಿಲ್ ಇನ್ನೊಂದು ಜಾತಿ. ಬ್ಲೀಚಿಂಗ್ ಪೌಡರ್ ಮೂರನೇದು. ಎಲ್ಲವನ್ನೂ ಒಂದೇ 'ಕೆಮಿಕಲ್' ಅಂತ ಕರೆದು ಹೆದರಿಸೋ ವಾಟ್ಸಾಪ್ ಪಂಡಿತರ ಮೇಲೆ ನನಗೆ ಬೇರೆಯೇ ಸಿಟ್ಟಿದೆ. ಅದು ಇನ್ನೊಂದು ದಿನಕ್ಕೆ.)

ಕ್ವಾಟ್ ನೋಡೋಕೆ ಗೊದಮೊಟ್ಟೆ ಥರ. ಒಂದು ತಲೆ, ಒಂದು ಉದ್ದ ಬಾಲ. ತಲೆಯಲ್ಲಿ ನೈಟ್ರೋಜನ್, ಅದಕ್ಕೆ ನಾಲ್ಕೂ ಕಡೆ ಕಾರ್ಬನ್ ಹಿಡಿದುಕೊಂಡಿರುತ್ತೆ, ಹಾಗಾಗಿ ಅದಕ್ಕೆ ಯಾವಾಗಲೂ ಧನ ವಿದ್ಯುದಂಶ. ಬಾಲದಲ್ಲಿ 12, 14, 16 ಕಾರ್ಬನ್ನುಗಳ ಸರಪಳಿ. ಅದಕ್ಕೆ ನೀರು ಕಂಡರೆ ಆಗಲ್ಲ, ಎಣ್ಣೆ ಜಿಡ್ಡು ಇಷ್ಟ. ಬ್ಯಾಕ್ಟೀರಿಯಾದ ಮೈಯ ಹೊರಗೆ ಋಣ ವಿದ್ಯುದಂಶ ಇರುತ್ತೆ. ತಲೆ ಅಲ್ಲಿ ಅಂಟುತ್ತೆ, ಬಾಲ ಪೊರೆಯೊಳಗೆ ನುಗ್ಗುತ್ತೆ, ಪೊರೆ ಹರಿಯುತ್ತೆ, ಬ್ಯಾಕ್ಟೀರಿಯಾ ಸಾಯುತ್ತೆ. ಇಷ್ಟೇ ಕಥೆ.

ಈಗ ಜೇಡಿಮಣ್ಣಿಗೆ ಬನ್ನಿ. ಜೇಡಿ ಅಂದರೆ ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತ ಖನಿಜದ ಪದರಗಳು. ಆ ಪದರ ಕಟ್ಟುವಾಗ ಕೆಲವು ಕಡೆ ಸಿಲಿಕಾನ್ ಕೂರಬೇಕಾದಲ್ಲಿ ಅಲ್ಯುಮಿನಿಯಂ, ಅಲ್ಯುಮಿನಿಯಂ ಕೂರಬೇಕಾದಲ್ಲಿ ಮೆಗ್ನೀಸಿಯಂ ಕೂತುಬಿಟ್ಟಿರುತ್ತೆ. ಸೀಟು ಅದೇ, ಕೂತವನು ಬೇರೆ. ಇದರಿಂದ ಇಡೀ ಹಾಳೆಗೆ ಒಂದಿಷ್ಟು ಋಣ ವಿದ್ಯುದಂಶ ಉಳಿದುಹೋಗುತ್ತೆ. ಅದನ್ನ ಸರಿದೂಗಿಸೋಕೆ ಹಾಳೆಗಳ ನಡುವೆ ಕ್ಯಾಲ್ಸಿಯಂ, ಸೋಡಿಯಂ ಬಂದು ಸಡಿಲವಾಗಿ ಕೂತಿರುತ್ತವೆ. ಕ್ವಾಟ್ ಬಂದರೆ ಇವುಗಳನ್ನ ಎಬ್ಬಿಸಿ ತಾನು ಕೂರುತ್ತೆ. ಒಮ್ಮೆ ಕೂತರೆ ಬಾಲಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನೀರನ್ನೇ ಹೊರಗೆ ಹಾಕ್ತವೆ. ಸೋಡಿಯಂ ಬಂದು "ಅದು ನನ್ನ ಸೀಟು" ಅಂದರೆ ಯಾರೂ ಕೇಳಲ್ಲ. ನಮ್ಮ ಬೆಳಗಾವಿ-ಖಾನಾಪುರ ಬಸ್ಸಿನ ಹಾಗೇ!

ಅಂದರೆ ಕ್ವಾಟ್‌ಗೆ ಬ್ಯಾಕ್ಟೀರಿಯಾ ಮತ್ತು ಜೇಡಿಕಣ ಎರಡೂ ಒಂದೇ. ಎರಡಕ್ಕೂ ಋಣ ಮೈ. ನೆಲದ ಮೇಲೆ ಯಾವುದು ಜಾಸ್ತಿ ಇರುತ್ತೋ ಅದಕ್ಕೆ ಹೋಗಿ ಅಂಟುತ್ತೆ. ಇದೇನು ಹೊಸ ವಿಷಯ ಅಲ್ಲ. ಜೇಡಿಗೆ ಬೇಕಂತಲೇ ಕ್ವಾಟ್ ಹಚ್ಚಿ ಪೇಂಟಿಗೆ, ಗ್ರೀಸಿಗೆ, ಎಣ್ಣೆ ಬಾವಿ ಕೊರೆಯೋ ದ್ರವಕ್ಕೆ ಬಳಸೋ ಉದ್ಯಮವೇ ಇದೆ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕ ಕುಡಿದವರಿಗೆ ಆಸ್ಪತ್ರೆಯಲ್ಲಿ ಫುಲ್ಲರ್ಸ್ ಅರ್ತ್ ಕುಡಿಸೋ ರೂಢಿ ಇದೆ. ಅದು ಮತ್ತೇನೂ ಅಲ್ಲ, ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚೋ ಮುಲ್ತಾನಿ ಮಿಟ್ಟಿ! ಪ್ಯಾರಾಕ್ವಾಟಿನಲ್ಲೂ ಅಂಥದೇ ನೈಟ್ರೋಜನ್ ತಲೆ, ಒಂದಲ್ಲ ಎರಡು. ಮಣ್ಣು ಮುಟ್ಟಿದ ಕೂಡಲೇ ನಿಷ್ಕ್ರಿಯ ಆಗುತ್ತೆ ಅನ್ನೋದೇ ಅದನ್ನ ಮಾರೋರ ದೊಡ್ಡ ಪ್ರಚಾರ. ಆದರೆ ನಿಷ್ಕ್ರಿಯ ಆಗಿ ಎಲ್ಲಿಗೆ ಹೋಯ್ತು? ಎಲ್ಲಿಗೂ ಹೋಗಲ್ಲ. ವರ್ಷಗಟ್ಟಲೆ ಅದೇ ಮಣ್ಣಲ್ಲಿ ಕೂತಿರುತ್ತೆ.

ಇಲ್ಲಿಗೆ ಮಿತ್ರನ ವಾದ ಗೆದ್ದ ಹಾಗಾಯ್ತಲ್ಲ? ತಾಳಿ.

ಮಾತಲ್ಲಿ ಬೇಡ, ಕಣ್ಣಾರೆ ನೋಡೋಣ ಅಂತ ಮರುದಿನ ಖಾನಾಪುರಕ್ಕೆ ಹೋಗಿ ಜಿ.ವಿ. ಪೇಂಟ್ ತಂದೆ. ಜೆನ್ಷಿಯನ್ ವಯೊಲೆಟ್. ನಾವು ಶಾಲೆಯಲ್ಲಿದ್ದಾಗ ಮೊಣಕಾಲು ಕೆತ್ತಿಕೊಂಡರೆ ಮೇಷ್ಟ್ರು ಹಚ್ಚುತ್ತಿದ್ದರಲ್ಲ, ಆ ನೇರಳೆ ಔಷಧಿ. ಅದೂ ಒಂದು ಸೋಂಕುನಾಶಕವೇ, ಅದಕ್ಕೂ ಧನ ವಿದ್ಯುದಂಶ. ಕ್ವಾಟ್‌ಗೆ ಬಣ್ಣ ಇಲ್ಲ, ಇದಕ್ಕೆ ಇದೆ, ಅಷ್ಟೇ ಅನುಕೂಲ. ಮೂರು ಉಪ್ಪಿನಕಾಯಿ ಬಾಟಲಿ ತಗೊಂಡೆ. ಒಂದರಲ್ಲಿ ಕಾಲು ಚಮಚ ನಮ್ಮ ಹಿತ್ತಲಿನ ಕೆಂಪು ಮಣ್ಣು, ಇನ್ನೊಂದರಲ್ಲಿ ಬೈಲಹೊಂಗಲ ಕಡೆಯ ಅಕ್ಕನ ಹೊಲದ ಎರೆ ಮಣ್ಣು (ಗಣಪತಿ ಮಾಡೋಕೆ ಅಂತ ತಂದಿಟ್ಟಿದ್ದು), ಮೂರನೇದರಲ್ಲಿ ಮುಲ್ತಾನಿ ಮಿಟ್ಟಿ. ನೀರು ಹಾಕಿ, ಜಿ.ವಿ. ಹನಿ ಹಾಕಿ, ಕುಲುಕಿ, ಕೆಳಗೆ ಕೂರೋಕೆ ಬಿಟ್ಟೆ. ನೀರು ತಿಳಿಯಾದರೆ ಮತ್ತೆ ಹನಿ. ಮತ್ತೆ ಕುಲುಕು. ಲ್ಯಾಬಿನಲ್ಲಿ ಜೇಡಿಯ ಶಕ್ತಿ ಅಳೆಯೋಕೆ ಮೆಥಿಲೀನ್ ಬ್ಲೂ ಬಣ್ಣದಲ್ಲಿ ಮಾಡೋದೂ ಹೆಚ್ಚು ಕಡಿಮೆ ಇದೇ. ನನ್ನದು ಹಿತ್ತಲ ಪ್ರಯೋಗ, ಹನಿ ಎಣಿಸಿದ್ದರಲ್ಲಿ ಶಾಸ್ತ್ರ ಇಲ್ಲ.

ಎರಡು ದಿನ ಇದೇ ಕೆಲಸ. ಮನೆಯವರೆಲ್ಲ ನನ್ನ ತಲೆ ಕೆಟ್ಟಿದೆ ಅಂತ ತೀರ್ಮಾನ ಮಾಡಿದರು. ಆದರೆ ಸಿಕ್ಕಿದ್ದು ನೋಡಿ: ಕೆಂಪು ಮಣ್ಣು ಬೇಗ ಸೋತಿತು. ಅದರ ಮೇಲಿನ ನೀರು ನೇರಳೆಯಾಗಿಯೇ ಉಳೀತು. ಎರೆ ಮಣ್ಣು, ಮುಲ್ತಾನಿ ಮಿಟ್ಟಿ ಮಾತ್ರ ಹನಿ ಮೇಲೆ ಹನಿ ಹಾಕಿದರೂ ಬಣ್ಣ ಎಲ್ಲ ಎಳೆದುಕೊಂಡು ಕೆಳಗೆ ಕೂತವು, ಮೇಲೆ ತಿಳಿನೀರು. ಮುಲ್ತಾನಿ ಮಿಟ್ಟಿ ಅಂತೂ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಮೂರರ ನೀರೂ ಚೆಲ್ಲಿ, ಉಪ್ಪುನೀರು ಹಾಕಿ ಕುಲುಕಿದೆ. ಎರೆ ಮಣ್ಣು ಏನನ್ನೂ ಬಿಟ್ಟುಕೊಡಲಿಲ್ಲ. ಸರ್ಜಿಕಲ್ ಸ್ಪಿರಿಟ್ ಹಾಕಿದಾಗ ಕೆಂಪು ಮಣ್ಣು ನೇರಳೆ ಬಣ್ಣ ಕಕ್ಕಿತು.

ಇದು ಯಾಕೆ ಹೀಗೆ ಅನ್ನೋದು ಗೊತ್ತಿರೋ ವಿಷಯವೇ. ಜಂಬಿಟ್ಟಿಗೆ ಸೀಮೆಯ ಮಣ್ಣಲ್ಲಿ ಲಕ್ಷಾಂತರ ವರ್ಷ ಮಳೆ ಹೊಡೆದು ಹೊಡೆದು ಉಳಿದಿರೋದು ಕೆಯೊಲಿನೈಟ್ ಅನ್ನೋ ಜೇಡಿ, ಜೊತೆಗೆ ಕಬ್ಬಿಣ-ಅಲ್ಯುಮಿನಿಯಂ ಆಕ್ಸೈಡು. ಕೆಯೊಲಿನೈಟಿನ ಹಾಳೆಗಳು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ನಡುವೆ ಯಾರನ್ನೂ ಬಿಡಲ್ಲ. ಮೇಲ್ಮೈಯಲ್ಲಿ ಅಂಚಿನಲ್ಲಿ ಮಾತ್ರ ಜಾಗ. 100 ಗ್ರಾಂ ಕೆಯೊಲಿನೈಟ್ ಹಿಡಿಯೋ ಧನ ಅಯಾನು 3ರಿಂದ 15 ಮಿಲಿಈಕ್ವಿವಲೆಂಟ್. ಎರೆಭೂಮಿಯಲ್ಲಿರೋ ಮಾಂಟ್‌ಮೊರಿಲೊನೈಟ್ ಹಾಗಲ್ಲ, ಅದರ ಹಾಳೆಗಳು ಬಿಚ್ಚಿಕೊಳ್ಳುತ್ತವೆ. (ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡೋದು, ಮಳೆಗಾಲದಲ್ಲಿ ಉಬ್ಬೋದು ಅದಕ್ಕೇ.) ಅದರ ಲೆಕ್ಕ 80ರಿಂದ 150. ಒಳಗಿನ ಹಾಳೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಒಂದೇ ಗ್ರಾಮಿಗೆ 700-800 ಚದರ ಮೀಟರ್ ಬರುತ್ತೆ. ಐದಾರು ಕಬಡ್ಡಿ ಅಂಕಣ!

ಮಣ್ಣಿನ ವಿಷಯ ಖಾನಾಪುರದವರಿಗೆ ನಾನು ಹೇಳಬೇಕಾ? ಕುಂಬಾರಿಕೆ, ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರೋದೇ ಅಲ್ಲಿ. ಯಾವ ಮಣ್ಣು ಗಡಿಗೆಗೆ, ಯಾವುದು ಹೆಂಚಿಗೆ ಅಂತ ಕೈಯಲ್ಲಿ ಹಿಸುಕಿ ಹೇಳೋ ಜನ ನಮ್ಮಲ್ಲಿದ್ದಾರೆ. "ಮಣ್ಣು" ಅಂತ ಒಂದು ವಸ್ತು ಇಲ್ಲ, ಮಣ್ಣುಗಳಿವೆ ಅಂತ ಅವರಿಗೆ ಗೊತ್ತು. ನನ್ನ ಇಂಜಿನಿಯರ್ ಮಿತ್ರನಿಗೆ ಗೊತ್ತಿಲ್ಲ. ಅವನ ಪಠ್ಯಪುಸ್ತಕದ ಮಣ್ಣು ಎರೆ ಮಣ್ಣು, ಅವನು ಚಹಾ ಕುಡಿದದ್ದು ಕೆಂಪು ಮಣ್ಣಿನ ಮೇಲೆ ಕೂತು.

ಅವನೇನು ಸೋಲುವವನಲ್ಲ. ಪೆನ್ನು ತೆಗೆದು ಲೆಕ್ಕ ಹಾಕಿದ. ನಿಮ್ಮ ಕೆಂಪು ಮಣ್ಣಿಗೆ 100 ಗ್ರಾಮಿಗೆ 5 ಅಂತಲೇ ಇಟ್ಕೊ. ಕ್ವಾಟಿನ ತೂಕ ಸುಮಾರು 350. ಆದರೂ ಒಂದು ಕಿಲೋ ಮಣ್ಣು 17 ಗ್ರಾಂ ಕ್ವಾಟ್ ಹಿಡೀತೈತಿ! ನಿಮ್ಮ ವೈನಿ ಜನ್ಮವಿಡೀ ಒರೆಸಿದ್ರೂ ಹಿತ್ತಲು ತುಂಬೂದಿಲ್ಲ.

ಲೆಕ್ಕ ಸರಿ ಇದೆ. ಒಪ್ಪಿದೆ. ಒಬ್ಬ ವೈನಿಯ ಒಂದು ಬಕೆಟ್ಟಿನಿಂದ ಪ್ರಳಯ ಆಗಲ್ಲ. ಆದರೆ ಈ ಲೆಕ್ಕದಲ್ಲಿ ಮಣ್ಣು ಒಂದು ಗೋದಾಮು, ಮೂಟೆ ಇಟ್ಟ ಕಡೆ ಇರುತ್ತೆ ಅಂತ ಅಂದ್ಕೊಂಡಿದ್ದಾನೆ. ನಮ್ಮ ಕಡೆಯ ಮಳೆಯಲ್ಲಿ ಮಣ್ಣು ಇಟ್ಟ ಕಡೆ ಇರುತ್ತಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಹಳ್ಳದ ನೀರು ನೋಡಿ, ಚಹಾದ ಬಣ್ಣ. ಆ ಬಣ್ಣವೇ ಜೇಡಿ. ಕಡ್ಡಿ ಅಲ್ಲ, ಮರಳಲ್ಲ, ಎಲ್ಲಕ್ಕಿಂತ ಸಣ್ಣ ಕಣ, ಕ್ವಾಟನ್ನ ಎಲ್ಲಕ್ಕಿಂತ ಜಾಸ್ತಿ ಹಿಡಿದುಕೊಂಡಿರೋ ಕಣ. ಅದು ಎಲ್ಲಕ್ಕಿಂತ ದೂರ ಹೋಗುತ್ತೆ. ಹಬ್ಬನಹಟ್ಟಿ ಮಾರುತಿ ಗುಡಿ ಮುಳುಗಿಸಿ, ಅಸೋಗ, ಖಾನಾಪುರ ದಾಟಿ, ಎಂ.ಕೆ. ಹುಬ್ಬಳ್ಳಿಯ ಗಂಗಾಂಬಿಕೆ ಮಂಟಪ ದಾಟಿ, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟೆಗೆ ಬಂದು ನಿಲ್ಲುತ್ತೆ. ನೀರು ನಿಂತಲ್ಲಿ ಹೂಳು ಕೂರುತ್ತೆ. ಆ ನೀರನ್ನ ಹುಬ್ಬಳ್ಳಿ-ಧಾರವಾಡ ಕುಡಿಯುತ್ತೆ.

ಇನ್ನು ನೀರಿನಲ್ಲಿ ಬಿಡಿಯಾಗಿರೋ ಕ್ವಾಟನ್ನ ತಿನ್ನೋ ಬ್ಯಾಕ್ಟೀರಿಯಾಗಳಿವೆ. ಆಮ್ಲಜನಕ ಇದ್ದರೆ ಬೇಗನೇ ತಿಂದು ಮುಗಿಸ್ತವೆ. "ಬಯೋಡಿಗ್ರೇಡಬಲ್" ಅಂತ ಬಾಟಲಿ ಮೇಲೆ ಹಸಿರು ಎಲೆಯ ಚಿತ್ರ ಹಾಕೋಕೆ ಆಧಾರ ಇದೇ. ಆದರೆ ಜೇಡಿಗೆ ಅಂಟಿದ್ದು ಅವುಗಳ ಬಾಯಿಗೆ ಸಿಗಲ್ಲ. ಕೆರೆಯ ತಳದ ಕೆಸರಿನಲ್ಲಿ ಆಮ್ಲಜನಕವೂ ಇರಲ್ಲ. ಮಿತ್ರ ಯಾವುದನ್ನ ಟ್ರೀಟ್‌ಮೆಂಟ್ ಪ್ಲಾಂಟ್ ಅಂದನೋ ಅದೇ ಆ ಟ್ರೀಟ್‌ಮೆಂಟನ್ನ ನಿಲ್ಲಿಸ್ತಿದೆ! ಮಣ್ಣು ನುಂಗಿತು, ಸರಿ. ಅರಗಿಸಿಕೊಳ್ಳೋಕೆ ಬಿಡಲಿಲ್ಲ.

ಯುರೋಪಿನವರು ಇದನ್ನ ದುಡ್ಡು ಕೊಟ್ಟು ಕಲಿತರು. ಬಟ್ಟೆ ಮೆದು ಮಾಡೋ ದ್ರವದಲ್ಲಿ ಎರಡು ಬಾಲದ ಒಂದು ಕ್ವಾಟ್ ಬಳಸ್ತಿದ್ದರು. ನೀರಲ್ಲಿ ಹುಡುಕಿದರೆ ಕಡಿಮೆ, ಕೊಳಚೆ ಸಂಸ್ಕರಣೆಯ ಗಸಿಯಲ್ಲಿ, ನದಿ ತಳದ ಕೆಸರಲ್ಲಿ ನೋಡಿದರೆ ರಾಶಿ. 1990ರ ದಶಕದ ಆರಂಭದಲ್ಲಿ ಜರ್ಮನಿ, ನೆದರ್ಲೆಂಡ್ಸ್ ಕಡೆ ತಯಾರಕರೇ ಅದನ್ನ ಕೈಬಿಟ್ಟು, ಬೇಗ ಮುರಿಯೋ ಎಸ್ಟರ್ ಕ್ವಾಟ್‌ಗೆ ಬದಲಾದರು. ಬಟ್ಟೆ ಈಗಲೂ ಮೆತ್ತಗೇ ಇದೆ.

ನಮ್ಮಲ್ಲಿ? ನೀರಿನ ವರದಿ ತೋರಿಸ್ತಾರೆ. ನಮ್ಮ ಕಡೆಯ ಹೋಮ್‌ಸ್ಟೇ ಒಂದರವರು ದಿನಾ ಹಾಸಿಗೆ, ಬಾತ್‌ರೂಮು, ನೆಲ ಎಲ್ಲಕ್ಕೂ ಬಾಟಲಿ ಬಗ್ಗಿಸಿ ಹಳ್ಳಕ್ಕೆ ಬಿಡ್ತಾರೆ. ಕೇಳಿದ್ದಕ್ಕೆ ನನಗೆ ಒಂದು ಲ್ಯಾಮಿನೇಟ್ ಮಾಡಿದ ವರದಿ ತೋರಿಸಿದರು. ಪಿಎಚ್ ಸರಿ, ಗಡಸುತನ ಸರಿ, ಎಲ್ಲ ಸರಿ. ಆ ಪಟ್ಟಿಯಲ್ಲಿ ಕ್ವಾಟ್ ಅನ್ನೋ ಸಾಲೇ ಇರಲಿಲ್ಲ. ಇದ್ದಿದ್ದರೂ ಏನು ಬಂತು, ಸೋಸಿದ ತಿಳಿನೀರನ್ನ ಪರೀಕ್ಷೆ ಮಾಡಿದರೆ ಜೇಡಿ ಜೊತೆಗೆ ಕ್ವಾಟೂ ಸೋಸೋ ಕಾಗದದ ಮೇಲೇ ಉಳಿದಿರುತ್ತೆ. ಹಾಲು ಚೆಲ್ಲಿ ಲೋಟ ತೊಳೆದು, ಲೋಟದಲ್ಲಿ ಹಾಲಿಲ್ಲ ಅಂತ ಪ್ರಮಾಣಪತ್ರ ಕೊಟ್ಟ ಹಾಗೆ.

ಹಾಗಾದರೆ ಅಂಟಿಕೊಂಡ ಕ್ವಾಟ್ ವಿಷವಾ? ಬಿಡಿಯಾಗಿದ್ದಾಗಿನಷ್ಟು ಅಲ್ಲ, ಇದನ್ನ ಪ್ರಾಮಾಣಿಕವಾಗಿ ಹೇಳಬೇಕು. ನೀರಲ್ಲಿ ಬಿಡಿಯಾಗಿದ್ದರೆ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಕಡಿಮೆಯಲ್ಲೇ ಮೀನು, ನೀರುಚಿಗಟಗಳನ್ನ ಕೊಲ್ಲೋ ವಸ್ತು, ಜೇಡಿ ಹಿಡಿದಾಗ ಬಹಳ ಮಟ್ಟಿಗೆ ಸುಮ್ಮನಾಗುತ್ತೆ. ನನ್ನ ಭಯ ಬೇರೆ ಕಡೆ ಇದೆ. ಬ್ಯಾಕ್ಟೀರಿಯಾ ಮನೆ ಮಾಡೋದೂ ಜೇಡಿಕಣದ ಮೇಲೇ. ಕೊಲ್ಲದಷ್ಟು, ಆದರೆ ಕಾಟ ಕೊಡುವಷ್ಟು ಕ್ವಾಟ್ ಪಕ್ಕದಲ್ಲಿ ವರ್ಷಾನುಗಟ್ಟಲೆ ಇದ್ದರೆ, ಅದನ್ನ ಹೊರಗೆ ಪಂಪ್ ಮಾಡೋದು ಕಲಿತ ಬ್ಯಾಕ್ಟೀರಿಯಾ ಉಳಿಯುತ್ತೆ. ಆ ಪಂಪಿನ ಜೀನುಗಳಿಗೆ ಕ್ಯುಎಸಿ ಅಂತಲೇ ಹೆಸರು.

ಇಲ್ಲೊಂದು ಕಥೆ ಹೇಳದೆ ಇರೋಕಾಗಲ್ಲ. ಬೆಂಜಾಲ್ಕೋನಿಯಂ ಸೋಂಕುನಾಶಕ ಅಂತ 1935ರಲ್ಲಿ ಲೋಕಕ್ಕೆ ಹೇಳಿದವರು ಜರ್ಮನಿಯ ಗೆರ್‌ಹಾರ್ಡ್ ಡೋಮಾಕ್. ಅದೇ ವರ್ಷ ಅವರು ಪ್ರಕಟಿಸಿದ ಇನ್ನೊಂದು ಸಂಗತಿ ಪ್ರಾಂಟೊಸಿಲ್, ಮೊಟ್ಟಮೊದಲ ಸಲ್ಫಾ ಔಷಧಿ. 1939ರಲ್ಲಿ ಅದಕ್ಕೆ ನೊಬೆಲ್ ಬಂತು. ನಾಜಿಗಳು ಬೇಡ ಅನ್ನಿಸಿದರು, ಪದಕ ಕೈಗೆ ಸಿಕ್ಕಿದ್ದು 1947ರಲ್ಲಿ. ಈಗ ಆಸ್ಪತ್ರೆಗಳ, ಕೊಳಚೆಯ ಬ್ಯಾಕ್ಟೀರಿಯಾಗಳಲ್ಲಿ ಇಂಟಿಗ್ರಾನ್ ಅನ್ನೋ ಒಂದು ತುಣುಕು ಸಿಗುತ್ತೆ. ಅದರಲ್ಲಿ ಕ್ವಾಟ್ ತಡೆಯೋ ಜೀನಿನ ತುಂಡು, ಸಲ್ಫಾ ತಡೆಯೋ ಜೀನು ಅಕ್ಕಪಕ್ಕದಲ್ಲಿ ಕೂತಿವೆ. ಒಬ್ಬನೇ ಮನುಷ್ಯ ಕೊಟ್ಟ ಎರಡು ಆಯುಧಕ್ಕೂ ಅವು ಒಂದೇ ಜೋಳಿಗೆಯಲ್ಲಿ ಉತ್ತರ ಇಟ್ಟುಕೊಂಡಿವೆ! ಒಂದಕ್ಕೆ ಕಾಟ ಕೊಟ್ಟರೆ ಇನ್ನೊಂದೂ ಜೊತೆಗೆ ಬರುತ್ತೆ.

ಈಗ 2020ಕ್ಕೆ ಬನ್ನಿ. ನೆನಪಿದೆಯಲ್ಲ? ಮಾರ್ಚ್‌ನಲ್ಲಿ ಲಾಕ್‌ಡೌನ್, ಆಮೇಲೆ ಬೆನ್ನಿಗೆ ಪಂಪು, ಟ್ರ್ಯಾಕ್ಟರಿಗೆ ಟ್ಯಾಂಕು, ಊರೂರಿನ ಓಣಿಗೆ ಸಿಂಪಡಣೆ. ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ನಡೆದು ಬಂದ ಕೂಲಿಕಾರರನ್ನ ನೆಲದ ಮೇಲೆ ಕೂರಿಸಿ ಹೊಡೆದರು. ನಮ್ಮ ಕಡೆಯ ಒಂದೂರಲ್ಲಿ ನಾನೇ ನೋಡಿದೆ, ಡಾಂಬರೂ ಇಲ್ಲದ ಮಣ್ಣಿನ ರಸ್ತೆಗೆ ಹೊಡೀತಿದ್ದರು. ಹೈಪೋ ಇದ್ದರೆ ಮಣ್ಣಿನ ಕಸಕಡ್ಡಿ ಅದನ್ನ ನಿಮಿಷದಲ್ಲಿ ತಿಂದು ಮುಗಿಸುತ್ತೆ, ಅದು ಜೇಡಿಗೆ ಅಂಟೋ ಜಾತಿಯೂ ಅಲ್ಲ. ಕ್ವಾಟ್ ಇದ್ದರೆ ಜೇಡಿ ಹಿಡಿದುಕೊಳ್ಳುತ್ತೆ. ಯಾವುದಾದರೂ ವೈರಸ್ಸಿಗೆ ಉಳಿಯೋದು ಸೊನ್ನೆ. ವಿಶ್ವ ಆರೋಗ್ಯ ಸಂಸ್ಥೆ ಮೇ 2020ರಲ್ಲೇ ಬೀದಿಗೆ ಹೊಡೀಬೇಡಿ, ಧೂಳು ಕೊಳೆ ಅದನ್ನ ನಿಷ್ಕ್ರಿಯ ಮಾಡುತ್ತೆ ಅಂತು. ಜನರ ಮೇಲೆ ಹೊಡೀಬೇಡಿ ಅಂತ ಕೇಂದ್ರದ ಆರೋಗ್ಯ ಇಲಾಖೆ ಏಪ್ರಿಲ್‌ನಲ್ಲೇ ಹೇಳಿತ್ತು. ನವೆಂಬರ್ 5ರಂದು ಸುಪ್ರೀಂ ಕೋರ್ಟು ಸೋಂಕುನಾಶಕ ಸುರಂಗಗಳಿಗೆ ತಡೆ ಹಾಕೋಕೆ ಸರ್ಕಾರಕ್ಕೆ ಸೂಚಿಸಿತು. ಆದರೂ ಹೊಡೆದದ್ದೇ ಹೊಡೆದದ್ದು, ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ಜೇಡಿಯ ಈ ಒಂದು ಗುಣ ಗೊತ್ತಿದ್ದಿದ್ದರೆ ಅಷ್ಟೂ ದುಡ್ಡಲ್ಲಿ ಸಾಬೂನು ಹಂಚಬಹುದಿತ್ತು.

ಆ ಹೆದರಿಕೆ ಹೋಯ್ತು, ಬಾಟಲಿ ಉಳೀತು. ನಮ್ಮ ಮನೆಗೂ ಬಾಟಲಿ ಬಂದದ್ದು ಆಗಲೇ. 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ವಸ್ತುಗಳನ್ನ ಕೈತೊಳೆಯೋ ಸಾಬೂನಿನಿಂದ ತೆಗೆಸಿತು. ಸಾದಾ ಸಾಬೂನು-ನೀರಿಗಿಂತ ಇವು ಮೇಲು ಅಂತ ಕಂಪನಿಗಳು ತೋರಿಸಲಿಲ್ಲ ಅನ್ನೋದು ಕಾರಣ. ಬೆಂಜಾಲ್ಕೋನಿಯಂ ವಿಷಯದಲ್ಲಿ ತೀರ್ಮಾನ ಮುಂದೂಡಿತು. ಟ್ರೈಕ್ಲೋಸಾನ್ ಖಾಲಿ ಮಾಡಿದ ಸೀಟಿಗೆ ಯಾರು ಬಂದು ಕೂತರು ಅಂತ ನಿಮಗೇ ಗೊತ್ತಾಗಿರುತ್ತೆ.

ಆಪರೇಷನ್ ಥಿಯೇಟರಿನಲ್ಲಿ, ಹೆರಿಗೆ ಕೋಣೆಯಲ್ಲಿ, ಮನೆಯಲ್ಲಿ ವಾಂತಿಭೇದಿ ಆದವರಿದ್ದಾಗ ಬಳಸಬೇಡಿ ಅಂತ ಯಾವ ಮೂರ್ಖನೂ ಹೇಳಲ್ಲ. ನಾನು ಕೇಳ್ತಿರೋದು ಆರೋಗ್ಯವಾಗಿರೋ ಮನೆಯ ನೆಲಕ್ಕೆ ದಿನಾ ಬೆಳಿಗ್ಗೆ ಯಾಕೆ ಅಂತ. ಅದೂ ಅಂಗಳದ ಮಣ್ಣು ಕಾಲಿಗೆ ಮೆತ್ತಿಕೊಂಡು ಒಳಗೆ ಬರೋ ಊರಲ್ಲಿ! ಮೊದಲು ಕೊಳೆ ತೆಗೆದು ಆಮೇಲೆ ಸೋಂಕುನಾಶಕ ಹಾಕಬೇಕು ಅನ್ನೋದು ಆಸ್ಪತ್ರೆಯ ಮೊದಲ ಪಾಠ. ಕೆಸರು ಬಕೆಟ್ಟಿಗೇ ಬಾಟಲಿ ಬಗ್ಗಿಸಿದರೆ, ಒರೆಸೋಕೆ ಮುಂಚೆಯೇ ಬಕೆಟ್ಟಿನ ಜೇಡಿ ಅದನ್ನ ಹಿಡಿದುಕೊಂಡಿರುತ್ತೆ. ನೆಲಕ್ಕೆ ಸಿಗೋದು ವಾಸನೆ ಮಾತ್ರ.

ಮಹದಾಯಿ ನೀರಿಗೆ ನಾವು ದಶಕಗಟ್ಟಲೆ ಬಡಿದಾಡಿದೆವು. 2018ರಲ್ಲಿ ನ್ಯಾಯಮಂಡಳಿ ಕಳಸಾಕ್ಕೆ 1.72, ಬಂಡೂರಿಗೆ 2.18 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಎರಡೂ ಸೇರಿ 3.9 ಟಿಎಂಸಿ, ಮಲಪ್ರಭೆಗೆ. ಟಿಎಂಸಿ ಬಾಯಿಪಾಠ ಇಲ್ಲದ ಹುಡುಗ ನಮ್ಮ ಕಡೆ ಸಿಗಲ್ಲ. ಆ ಮಲಪ್ರಭೆಯ ತಳದ ಕೆಸರಲ್ಲಿ ಏನಿದೆ ಅಂತ ಒಂದು ಬಾರಿ ಕೇಳಿದವರನ್ನ ನಾನು ನೋಡಿಲ್ಲ. ಬೆಳಗಾವಿಯಲ್ಲಿ ಬಳ್ಳಾರಿ ನಾಲೆ ಪ್ರತಿ ಮಳೆಗಾಲ ಊರಿನ ಕೊಳಚೆ ಸಮೇತ ಭತ್ತದ ಗದ್ದೆಗೆ ನುಗ್ಗುತ್ತೆ. ಬೆಳೆ ಹೋಯ್ತು ಅಂತ ಪರಿಹಾರ ಕೇಳ್ತಾರೆ, ಸರಿಯೇ. ಇಳಿದುಹೋದ ನೀರು ಗದ್ದೆಯ ಜೇಡಿಯಲ್ಲಿ ಬಿಟ್ಟುಹೋದದ್ದರ ಲೆಕ್ಕ ಯಾರ ಪಂಚನಾಮೆಯಲ್ಲೂ ಬರಲ್ಲ.

ಮಿತ್ರನಿಗೆ ಇಷ್ಟೆಲ್ಲ ಹೇಳಿದ ಮೇಲೆ, "ಹಂಗಾದ್ರ ಹೂಳು ಟೆಸ್ಟ್ ಮಾಡಸ್ಬೇಕು ಅಂತೀ?" ಅಂದ. ಹೌದಪ್ಪಾ, ಅಷ್ಟೇ ಅನ್ನೋದು. ನೀರಿನ ಜೊತೆ ಹೂಳನ್ನೂ, ಕೊಳಚೆ ಗಸಿಯನ್ನೂ ಪರೀಕ್ಷೆ ಮಾಡಿ. ಆ ಗಸಿಯನ್ನ ಗೊಬ್ಬರ ಅಂತ ಹೊಲಕ್ಕೆ ಹಾಕೋ ಮುಂಚೆ ಮಾಡಿ. ಬಾಟಲಿ ಮೇಲೆ ಏನಿದೆ, ಎಷ್ಟಿದೆ ಅನ್ನೋದನ್ನ ಕನ್ನಡದಲ್ಲಿ, ವೈನಿ ಕಣ್ಣಿಗೆ ಕಾಣೋ ಹಾಗೆ ಬರೀರಿ. "ಅದಕ್ಕ ಭಾಳ ಖರ್ಚು ಬರತೈತಿ" ಅಂದ. ಮೊನ್ನೆ ಫ್ರೀ ಅಂದಿದ್ದವನು!

ವೈನಿ ಈಗ ವಾರಕ್ಕೊಮ್ಮೆ ಬಾಟಲಿ, ಉಳಿದ ದಿನ ಸಾಬೂನಿನ ನೀರು ಅಂತ ಒಪ್ಪಿದ್ದಾರೆ. ನನ್ನ ಭಾಷಣಕ್ಕಲ್ಲ, ಒಂದು ಬಾಟಲಿ ರೇಟು ನೋಡಿ.

ಧಾರವಾಡ, ಸವದತ್ತಿ ಕಡೆಯ ಬ್ಲಾಗಿಗರು ಯಾರಾದರೂ ಇದನ್ನ ಓದ್ತಿದ್ದರೆ, ನಿಮ್ಮನೆ ಬಾಟಲಿಯಲ್ಲಿ ಏನು ಬರೆದಿದೆ ಅಂತ ಕೆಳಗೆ ಹಾಕಿ. ರಸಾಯನಶಾಸ್ತ್ರ ವಿಭಾಗದಲ್ಲಿ ಪರಿಚಯ ಇರೋರಿದ್ದರೆ ತಿಳಿಸಿ. ಬೇಸಿಗೆಯಲ್ಲಿ ನವಿಲುತೀರ್ಥದ ನೀರು ಇಳಿದಾಗ ಅಂಚಿನ ಹೂಳು ಒಂದು ಡಬ್ಬಿ ತುಂಬಿ ತರೋಕೆ ನಾನು ತಯಾರಿದ್ದೇನೆ.